ಸಾಲೆಯ ಮಕ್ಕಳ ಗೋಡೆಪತ್ರಿಕೆ

ವರ್ತಮಾನಪತ್ರವೆಂದರೆ ಮುಂಜಾನೆಯ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬರುವ ವಸ್ತು. ಬರೆಯುವವರೂ ದೊಡ್ಡವರು, ಓದುವವರೂ ದೊಡ್ಡವರು ಎಂದು ನಾನು ತಿಳಿದಿದ್ದೆನು. ಕಳೆದ ಮಳೆಗಾಲದಲ್ಲಿ ನವಲಗುಂದ ತಾಲೂಕಿನ ಒಂದು ಹಳ್ಳಿಯ ಸಾಲೆಯಲ್ಲಿ ಆರು-ಏಳನೆಯ ಇಯತ್ತೆಯ ಮಕ್ಕಳು ಗೋಡೆಪತ್ರಿಕೆ ಹೊರಡಿಸುವಾಗ ಅವರಿಗೆ ನೆರವಾದೆನು. ಆ ಅನುಭವವನ್ನು ಸಹಪಾಠಿಗಳ ಮುಂದೆ ಇಡುತ್ತೇನೆ.

ಕೈಬರಹದ ಹಾಳೆ ಎಂಥ ಪತ್ರಿಕೆ ಎಂದು ಕೆಲವರು ನಕ್ಕರು. ಆದರೆ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗರು 1843ನೆಯ ಜುಲೈ 1ರಂದು ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಅಂದರೆ ಅದೂ ಕೈಬರಹದಿಂದಲೇ ಮೂಡಿದ್ದು. ಫ್ರಾನ್ಸಿನ ಒಂದು ಹಳ್ಳಿಯ ಶಿಕ್ಷಕ ಸೆಲೆಸ್ತಿನ್ ಫ್ರೆನೆಯು 1924ರಲ್ಲಿ ಸಣ್ಣದೊಂದು ಮುದ್ರಣಯಂತ್ರವನ್ನು ತರಗತಿಗೆ ತಂದು, ಮಕ್ಕಳು ಬರೆದುದನ್ನು ಮಕ್ಕಳಿಂದಲೇ ಅಚ್ಚು ಹಾಕಿಸಿದನು. ನಮ್ಮ ಕರ್ನಾಟಕದಲ್ಲಿಯೂ 1990ರಲ್ಲಿ ಹುಟ್ಟಿದ ದುಡಿಯುವ ಮಕ್ಕಳ 'ಭೀಮ ಸಂಘ'ಕ್ಕೆ 'ಭೀಮ ಪತ್ರಿಕೆ' ಎಂಬ ಗೋಡೆಪತ್ರಿಕೆಯಿತ್ತು.

ನಮ್ಮ ಸಾಮಗ್ರಿ ಒಂದು ದೊಡ್ಡ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ಅಂಟು; ಇಷ್ಟೇ. ಮೊದಲ ಸಂಚಿಕೆ ಕೆಟ್ಟಿತೆಂದೇ ಹೇಳಬೇಕು. ಮಕ್ಕಳು ಪಠ್ಯಪುಸ್ತಕದ ನೀತಿವಾಕ್ಯಗಳನ್ನೇ ಇಳಿಸಿ ತಂದರು. ತಪ್ಪು ನನ್ನದು, "ಏನಾದರೂ ಚಲೋದು ಬರೀರಿ" ಎಂದಿದ್ದೆನು. ಎರಡನೆಯ ಸಲ "ನಿನ್ನೆ ಊರಾಗ ಏನಾತು?" ಎಂದು ಕೇಳಿದೆನು. ಆಗ ಸುದ್ದಿಗಳ ಸುರಿಮಳೆಯೇ ಆಯಿತು. ಬೆಣ್ಣಿಹಳ್ಳ ಬಂದು ನೂರು ದನ ತೇಲಿಹೋದವೆಂದು ಒಬ್ಬ ಹುಡುಗ ಬರೆದನು.

"ನೀ ನೋಡಿದಿ ಏನು?"

"ಇಲ್ಲಣ್ಣಾ, ಚಾದಂಗಡ್ಯಾಗ ಅಂತಿದ್ರು."

ಅವನನ್ನೇ ವಿಚಾರಿಸಲು ಕಳಿಸಿದೆವು. ಹೋದದ್ದು ಒಂದು ಕರು; ಅದೂ ಸಂಜೆಗೆ ತಾನಾಗಿ ಮನೆಗೆ ಬಂದಿತ್ತು! ಅಂದಿನಿಂದ ಪ್ರತಿ ಸುದ್ದಿಯ ಕೆಳಗೆ 'ಕಂಡದ್ದು' ಅಥವಾ 'ಕೇಳಿದ್ದು' ಎಂದು ಬರೆಯುವ ನಿಯಮವನ್ನು ಮಕ್ಕಳೇ ಮಾಡಿಕೊಂಡರು. ದೊಡ್ಡ ಪತ್ರಿಕೆಗಳಿಗೂ ಈ ನಿಯಮವಿದ್ದರೆ ಎಷ್ಟು ಹಾಳೆ ಉಳಿಯುತ್ತಿತ್ತೋ!

ನಾಲ್ಕನೆಯ ಸಂಚಿಕೆಯ ಹೊತ್ತಿಗೆ ಹೆಸರು ಬಿಡಿಸುವ ಸುಗ್ಗಿ. ಏಳನೆಯ ಇಯತ್ತೆಯ ಒಬ್ಬ ಹುಡುಗಿ ತನ್ನ ವರ್ಗದಲ್ಲಿ ದಿನಾಲು ಯಾರು ಬಂದಿಲ್ಲ, ಏಕೆ ಬಂದಿಲ್ಲವೆಂದು ಎರಡು ವಾರ ಎಣಿಸಿದ್ದಳು. 38 ಮಕ್ಕಳಲ್ಲಿ ಒಂದು ದಿನ 17 ಜನ ಹೊಲದಲ್ಲಿದ್ದರು. ಗೈರುಹಾಜರಾದವರಲ್ಲಿ ತನ್ನ ಹೆಸರನ್ನೂ ಬರೆದಿದ್ದಳು, ಮೂರು ದಿನ. ನಾನೂ ಅವಳ ವಯಸ್ಸಿನಲ್ಲಿ ಹೀಗೆಯೇ ಸಾಲೆ ತಪ್ಪಿಸಿದವನು. ಆದರೆ ಅದು ಸುದ್ದಿಯೆಂದು ನನಗೆ ಎಂದೂ ಹೊಳೆದಿರಲಿಲ್ಲ.

ಮುಖ್ಯಾಧ್ಯಾಪಕರು ಅನುಮಾನಿಸಿದರು. "ಮ್ಯಾಲಿನವರು ನೋಡಿದರ ನನ್ನನ್ನ ಕೇಳ್ತಾರಪಾ" ಎಂದರು. ಅವರ ಅಂಜಿಕೆ ಸುಳ್ಳಲ್ಲ. ಹೆಸರುಗಳನ್ನು ಬಿಟ್ಟು ಅಂಕಿಗಳನ್ನಷ್ಟೇ ಹಾಕಬಹುದೆಂದು ನಾನು ಸೂಚಿಸಿದೆನು. ಬಡತನದ ಕೆಲಸಕ್ಕೆ ಮಕ್ಕಳನ್ನು ಗೋಡೆಯ ಮೇಲೆ ನಿಲ್ಲಿಸುವದು ನ್ಯಾಯವಲ್ಲ. ಗುರುಗಳು ಸ್ವಲ್ಪ ಯೋಚಿಸಿ ಹಾಜರಿ ಪುಸ್ತಕವನ್ನು ಮುಂದಿಟ್ಟರು. "ತಾಳೆ ನೋಡ್ರಿ. ಹೊಂದಿದರ ಹಚ್ಚರಿ." ಹೊಂದಿತು. ಬೇರೆಯವರ ಹೆಸರುಗಳನ್ನು ಅಳಿಸಿದೆವು. ತನ್ನ ಹೆಸರನ್ನು ಮಾತ್ರ ಅಳಿಸಲು ಹುಡುಗಿ ಒಪ್ಪಲಿಲ್ಲ.

ಹಾಳೆಯನ್ನು ಗ್ರಾಮ ಪಂಚಾಯಿತಿಯ ಕಟ್ಟೆಯ ಹತ್ತಿರ ಹಚ್ಚಿದರು. ಸಂಜೆ ಅವಳ ತಂದೆ ಬಂದನು. ಅವನಿಗೆ ಓದು ಬಾರದು. ಮಗಳೇ ಓದಿ ಹೇಳಿದಳು.

"ನಿನ್ನ ಹೆಸರ ಯಾಕ ಹಾಕೀದಿ?"

"ಅದು ಕಂಡದ್ದಪ್ಪಾ, ಕೇಳಿದ್ದಲ್ಲ."

ಅವನು ಏನೂ ಅನ್ನಲಿಲ್ಲ. ಮರುದಿನ ಅವಳು ಸಾಲೆಗೆ ಬಂದಳು. ಅದರ ಮರುದಿನ ಬರಲಿಲ್ಲ. ಹೊಲದಲ್ಲಿ ಹೆಸರು ಇನ್ನೂ ಉಳಿದಿತ್ತು. ಅಂದಿನ ಎಣಿಕೆಯನ್ನು ಕರುವಿನ ಸುದ್ದಿಯ ಹುಡುಗ ಬರೆದುಕೊಂಡನು.