ಸೀಟು ಸಿಗುವ ಸಾಧ್ಯತೆ: ಲೆಕ್ಕ ಹಾಕುವುದು ಹೇಗೆ?

ದ್ವಿತೀಯ ಪಿಯು ಕಾಮರ್ಸ್ ತರಗತಿಗಳಲ್ಲಿ ಈಗ ಕೇಳಿಬರುವ ಪ್ರಶ್ನೆ ಒಂದೇ: "ಆ ಕಾಲೇಜಿನಲ್ಲಿ ನನಗೆ ಸೀಟು ಸಿಗುತ್ತದೆಯೇ?" ಉತ್ತರಗಳು ಎರಡು ಬಗೆ. ಕೆಲವರು "ನಿನಗೆ ಸಿಗದೆ ಇನ್ಯಾರಿಗೆ ಸಿಗುತ್ತದೆ" ಎನ್ನುತ್ತಾರೆ. ಇನ್ನು ಕೆಲವರು "ಅದೆಲ್ಲ ನಮ್ಮಂಥವರಿಗಲ್ಲ, ನಸೀಬಿನಲ್ಲಿದ್ದರೆ ನೋಡೋಣ" ಎನ್ನುತ್ತಾರೆ. ಎರಡರಲ್ಲೂ ಲೆಕ್ಕವಿಲ್ಲ. ವರ್ಷವಿಡೀ ಲೆಡ್ಜರ್ ಬರೆಯುವ ನಾವು ನಮ್ಮ ವಿಷಯದಲ್ಲಿ ಮಾತ್ರ ಲೆಕ್ಕ ಬಿಟ್ಟರೆ ಹೇಗೆ?

ಯಾವ ಕಾಲೇಜು ಒಳ್ಳೆಯದು ಎಂದು ಈ ಲೇಖನ ಹೇಳುವುದಿಲ್ಲ. ಪೈಪೋಟಿ ಹೆಚ್ಚಿರುವ ಕಾಲೇಜಿನಲ್ಲಿ ನಮ್ಮ ಸಾಧ್ಯತೆ ಎಷ್ಟು ಎಂದು ಅಂದಾಜು ಮಾಡುವ ಕ್ರಮವನ್ನು ಮಾತ್ರ ಹೇಳುತ್ತೇನೆ. ಉದಾಹರಣೆಗೆ ದೆಹಲಿ ವಿಶ್ವವಿದ್ಯಾಲಯವನ್ನು ತೆಗೆದುಕೊಂಡಿದ್ದೇನೆ. ನಾನು ಅರ್ಜಿ ಹಾಕಬೇಕೆಂದಿರುವುದು ಅಲ್ಲಿಗೇ. ಕ್ರಮ ಮಾತ್ರ ಬೆಂಗಳೂರಿನ ಕಾಲೇಜುಗಳಿಗೂ ಹೊಂದುತ್ತದೆ.

1. ಮೊದಲು ಸೊನ್ನೆಯನ್ನು ಹುಡುಕಿ

ಅಂಕಗಳ ಮಾತು ಆಮೇಲೆ. ಮೊದಲು ಅರ್ಹತೆ. ಅರ್ಹತೆ ಇಲ್ಲದಿದ್ದರೆ ಶೇ. 99 ಬಂದರೂ ಸಾಧ್ಯತೆ ಸೊನ್ನೆಯೇ.

2022ರಿಂದ ದೆಹಲಿ ವಿಶ್ವವಿದ್ಯಾಲಯದ ಪದವಿ ಪ್ರವೇಶ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಮೇಲೆ ನಡೆಯುತ್ತಿದೆ. ಪಿಯುನಲ್ಲಿ ಓದಿದ ವಿಷಯಗಳನ್ನೇ ಸಿಯುಇಟಿಯಲ್ಲಿ ಬರೆದಿರಬೇಕು. ಬಿಕಾಂ ಆನರ್ಸ್‌ಗೆ ಒಂದು ಭಾಷೆ, ಲೆಕ್ಕಶಾಸ್ತ್ರ ಅಥವಾ ಗಣಿತ, ಜೊತೆಗೆ ಇನ್ನೆರಡು ವಿಷಯ, ಹೀಗೆ ಒಟ್ಟು ನಾಲ್ಕು. ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಬೇಕೇ ಬೇಕು. ಅಂದರೆ ನಮ್ಮ ಎಚ್‌ಇಬಿಎ ಮತ್ತು ಎಸ್‌ಇಬಿಎ ವಿದ್ಯಾರ್ಥಿಗಳಿಗೆ ಬಿಕಾಂ ಬಾಗಿಲು ತೆರೆದಿದೆ, ಅರ್ಥಶಾಸ್ತ್ರ ಆನರ್ಸ್ ಬಾಗಿಲು ಮುಚ್ಚಿದೆ. ಸಿಯುಇಟಿಯಲ್ಲಿ ಸಂಖ್ಯಾಶಾಸ್ತ್ರ ಎಂಬ ಪ್ರತ್ಯೇಕ ಪತ್ರಿಕೆ ಇಲ್ಲದ ಕಾರಣ ಎಸ್‌ಇಬಿಎ ವಿದ್ಯಾರ್ಥಿಗಳಿಗೆ ಉಳಿಯುವುದು ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ ಮತ್ತು ಭಾಷೆ. ಸರಿಯಾಗಿ ನಾಲ್ಕೇ, ಬದಲಿ ಇಲ್ಲ.

ಭಾಷೆಯ ಪಟ್ಟಿಯಲ್ಲಿ 13 ಭಾಷೆಗಳಿವೆ. ಕನ್ನಡ, ಉರ್ದು ಎರಡೂ ಇವೆ. ಇಂಗ್ಲಿಷ್ ಬಗ್ಗೆ ಹೆದರುವವರು ಇದನ್ನು ಗಮನಿಸಬೇಕು. ಪಿಯುನಲ್ಲಿ ಉರ್ದು ಅಥವಾ ಕನ್ನಡ ಓದಿದ್ದರೆ ಅದನ್ನೇ ಭಾಷಾ ಪತ್ರಿಕೆಯಾಗಿ ಆರಿಸಿಕೊಳ್ಳಬಹುದು.

2. ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ?

ಒಂದೇ ಕಾಲೇಜಿನ ಒಂದೇ ಕೋರ್ಸ್‌ಗೆ ಹಲವು ಸಾಲುಗಳಿರುತ್ತವೆ. ಒಂದೊಂದು ಸಾಲಿನ ಕಟ್‌ಆಫ್ ಒಂದೊಂದು. ನಮ್ಮಲ್ಲಿ ಬಹಳ ಮಂದಿಯ ಹತ್ತಿರ 2ಬಿ ಪ್ರಮಾಣಪತ್ರವಿದೆ. ಅದು ಕರ್ನಾಟಕ ರಾಜ್ಯದ ವರ್ಗೀಕರಣ. ಕೇಂದ್ರ ವಿಶ್ವವಿದ್ಯಾಲಯಗಳಲ್ಲಿ 2ಬಿ ಎಂಬ ಸಾಲೇ ಇಲ್ಲ.

ಅಲ್ಲಿರುವುದು ಕೇಂದ್ರದ ಒಬಿಸಿ (ಶೇ. 27) ಮತ್ತು ಆರ್ಥಿಕವಾಗಿ ಹಿಂದುಳಿದವರ ಇಡಬ್ಲ್ಯುಎಸ್ (ಶೇ. 10). ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಕರ್ನಾಟಕದ ಮುಸ್ಲಿಮರು ಇದ್ದಾರೆ, ಆದರೆ ಶೇಖ್, ಸಯ್ಯದ್, ಪಠಾಣ್ ಮುಂತಾದ ಕೆಲವು ಗುಂಪುಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಹೊರಗುಳಿದವರು ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆಯಿದ್ದು, ಆಸ್ತಿಯ ಮಿತಿಯೊಳಗಿದ್ದರೆ ಇಡಬ್ಲ್ಯುಎಸ್‌ಗೆ ಅರ್ಜಿ ಹಾಕಬಹುದು. ಆದ್ದರಿಂದ ಮನೆಯಲ್ಲಿ ಕೇಳಿ, ಶಾಲೆಯ ದಾಖಲೆಯಲ್ಲಿ ಏನಿದೆ ನೋಡಿ, ತಹಶೀಲ್ದಾರ್ ಕಚೇರಿಯ ಕೆಲಸವನ್ನು ಪರೀಕ್ಷೆಗೆ ಮೊದಲೇ ಮುಗಿಸಿ.

ಇನ್ನೊಂದು ಸಾಲೂ ಇದೆ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಅಲ್ಪಸಂಖ್ಯಾತ ಸಂಸ್ಥೆ. ಅಲ್ಲಿ ಶೇ. 30 ಸೀಟುಗಳು ಮುಸ್ಲಿಂ ಅಭ್ಯರ್ಥಿಗಳಿಗೆ, ಶೇ. 10 ಮುಸ್ಲಿಂ ಮಹಿಳೆಯರಿಗೆ, ಶೇ. 10 ಮುಸ್ಲಿಂ ಒಬಿಸಿ ಮತ್ತು ಪರಿಶಿಷ್ಟ ಪಂಗಡದವರಿಗೆ ಮೀಸಲು. ಹೆಚ್ಚಿನ ಕೋರ್ಸ್‌ಗಳಿಗೆ ಅದು ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಇದು ಏಕೆ ಮುಖ್ಯ ಎಂದು 5ನೇ ಭಾಗದಲ್ಲಿ ಹೇಳುತ್ತೇನೆ.

3. ಕಟ್‌ಆಫ್ ಅನ್ನು ಓದುವ ರೀತಿ

2021ರಲ್ಲಿ ದೆಹಲಿಯ ಕೆಲವು ಕಾಲೇಜುಗಳ ಮೊದಲ ಕಟ್‌ಆಫ್ ಶೇ. 100 ಆಗಿತ್ತು. ಇದನ್ನು ಈಗಲೂ ಹೇಳಿ ಹೆದರಿಸುವವರಿದ್ದಾರೆ. ಆದರೆ ಅದು ಕೊರೊನಾ ವರ್ಷ. ಹೆಚ್ಚಿನ ಕಡೆ 12ನೇ ತರಗತಿಯ ಪರೀಕ್ಷೆಯೇ ನಡೆಯಲಿಲ್ಲ. ನಮ್ಮ ರಾಜ್ಯದಲ್ಲಿ ಆ ವರ್ಷ ದ್ವಿತೀಯ ಪಿಯುನಲ್ಲಿ 2,239 ಮಂದಿಗೆ 600ಕ್ಕೆ 600 ಬಂತು. ಅಷ್ಟು ಜನರಿಗೆ ಪೂರ್ಣಾಂಕ ಬಂದರೆ ಪೂರ್ಣಾಂಕಕ್ಕೆ ಬೆಲೆ ಎಲ್ಲಿ? ಕಟ್‌ಆಫ್ ಎಂದರೆ ಆ ವರ್ಷದ ಸಾಲಿನಲ್ಲಿ ಕೊನೆಯದಾಗಿ ಒಳಗೆ ಹೋದವರ ಅಂಕ, ಅಷ್ಟೇ. ಸಾಲು ಬದಲಾದರೆ ಅದೂ ಬದಲಾಗುತ್ತದೆ.

ಆದ್ದರಿಂದ ನಾಲ್ಕು ಎಚ್ಚರಿಕೆ. ಒಂದೇ ವರ್ಷದ್ದನ್ನು ನೋಡದೆ, ಸಿಯುಇಟಿ ಬಂದ ನಂತರದ ಎಲ್ಲ ವರ್ಷಗಳದ್ದನ್ನೂ ನೋಡಿ. ಮೊದಲ ಸುತ್ತಿನದ್ದರ ಜೊತೆಗೆ ಕೊನೆಯ ಸುತ್ತಿನದ್ದನ್ನೂ ನೋಡಿ. ನಿಮ್ಮ ವರ್ಗದ ಸಾಲನ್ನೇ ನೋಡಿ. ಒಟ್ಟು ಅಂಕ ಎಷ್ಟಕ್ಕೆ ಎಂಬುದನ್ನೂ ನೋಡಿ: 2025ರಲ್ಲಿ ಒಂದು ವಿಷಯಕ್ಕೆ 50 ಪ್ರಶ್ನೆ, 250 ಅಂಕ, ನಾಲ್ಕು ವಿಷಯಕ್ಕೆ 1000. ಅದಕ್ಕೆ ಹಿಂದೆ ನಾಲ್ಕಕ್ಕೆ 800 ಇತ್ತು. ಶೇಕಡಾವಾರು ಮಾಡದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

4. ನಿಮ್ಮ ಅಂಕ ಒಂದು ಸಂಖ್ಯೆಯಲ್ಲ

"ನನಗೆ 720 ಬರುತ್ತದೆ" ಎಂದು ಯಾರೂ ಹೇಳಲಾರರು. ನಾನು ಗಡಿಯಾರ ಇಟ್ಟುಕೊಂಡು ಆರು ಮಾದರಿ ಪರೀಕ್ಷೆ ಬರೆದೆ. ಸರಿ ಉತ್ತರಕ್ಕೆ 5 ಕೂಡಿಸಿ, ತಪ್ಪಿಗೆ 1 ಕಳೆದಾಗ ಸಾವಿರಕ್ಕೆ ಬಂದದ್ದು ಹೀಗೆ: 690, 735, 710, 640, 755, 720. ಸರಾಸರಿ ಸುಮಾರು 708.

ಈಗ ಕಟ್‌ಆಫ್‌ಗಳನ್ನು ಪಕ್ಕದಲ್ಲಿಡಿ. ಕೆಳಗಿನವು ಲೆಕ್ಕಕ್ಕಾಗಿ ನಾನೇ ಊಹಿಸಿಕೊಂಡ ಸಂಖ್ಯೆಗಳು. ಕಟ್‌ಆಫ್ 740 ಆದರೆ ನಾನು ಆರರಲ್ಲಿ ಒಂದು ಸಲ ಮಾತ್ರ ದಾಟಿದ್ದೇನೆ. 700 ಆದರೆ ಆರರಲ್ಲಿ ನಾಲ್ಕು ಸಲ. 630 ಆದರೆ ಆರಕ್ಕೆ ಆರೂ. ಸರಾಸರಿ ಒಂದನ್ನೇ ನೋಡಿದ್ದರೆ 700ರ ಕಾಲೇಜು ಖಂಡಿತ ಎಂದುಕೊಳ್ಳುತ್ತಿದ್ದೆ. ನಿಜದಲ್ಲಿ ಮೂರು ಸಲಕ್ಕೆ ಒಂದು ಸಲ ಅದು ಕೈತಪ್ಪುತ್ತದೆ. ಆರು ಪರೀಕ್ಷೆ ಸಣ್ಣ ಸ್ಯಾಂಪಲ್, ಹತ್ತಾದರೆ ಇನ್ನೂ ಒಳ್ಳೆಯದು.

ನಮ್ಮ ಅಬ್ಬಾ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ಅಂಗಡಿಯವರು, ಮಿರ್ಚಿ ಗಾಡಿಯವರು ಚೀಲಗಳನ್ನು ಉದ್ರಿ ಒಯ್ಯುತ್ತಾರೆ. ಅಬ್ಬಾನ ಉದ್ರಿ ಪುಸ್ತಕದಲ್ಲಿ ಹೆಸರಿನ ಮುಂದೆ ಮೂರು ಬಗೆಯ ಗುರುತುಗಳಿವೆ: ಬರುವ ಹಣ, ಬಂದರೆ ಬಂತು ಎನ್ನುವ ಹಣ, ಬಾರದ ಹಣ. ಹೊಸ ಭತ್ತಕ್ಕೆ ಮುಂಗಡ ಕೊಡುವಾಗ ಮೊದಲ ಗುರುತಿನ ಹಣವನ್ನು ಮಾತ್ರ ಎಣಿಸುತ್ತಾರೆ. "ಬೇಟಿ, ಎರಡನೆಯದು ಬಂದರೆ ಖುಷಿ. ಆದರೆ ಅದನ್ನು ನಂಬಿ ಭತ್ತ ತರಬಾರದು" ಎನ್ನುತ್ತಾರೆ. ನಾವು ತರಗತಿಯಲ್ಲಿ ಓದುವ ಪ್ರೊವಿಷನ್ ಫಾರ್ ಡೌಟ್‌ಫುಲ್ ಡೆಟ್ಸ್ ಇದೇ: ಬರಬಹುದಾದ ಲಾಭವನ್ನು ಮೊದಲೇ ಬರೆಯಬೇಡ, ಆಗಬಹುದಾದ ನಷ್ಟಕ್ಕೆ ಮೊದಲೇ ತೆಗೆದಿಡು. ಹಾಗೆಂದು ಅಬ್ಬಾ ಎರಡನೆಯ ಗುರುತಿನವರಿಗೆ ಉದ್ರಿ ಕೊಡುವುದನ್ನು ನಿಲ್ಲಿಸಿಲ್ಲ. ಕೊಟ್ಟರೇ ವ್ಯಾಪಾರ.

5. ಐದು ಅರ್ಜಿ ಹಾಕಿದರೆ ಐದು ಪಟ್ಟು ಆಗುವುದೇ?

ಒಂದೊಂದು ಕಾಲೇಜಿನಲ್ಲೂ ಶೇ. 20 ಸಾಧ್ಯತೆ ಇದೆ ಎಂದುಕೊಳ್ಳಿ. ಐದು ಕಾಲೇಜುಗಳಿಗೆ ಅರ್ಜಿ ಹಾಕಿದರೆ ಕನಿಷ್ಠ ಒಂದರಲ್ಲಾದರೂ ಸಿಗುವ ಸಾಧ್ಯತೆ ಎಷ್ಟು? ಸಂಭವನೀಯತೆಯ ಪಾಠದ ಪ್ರಕಾರ, ಐದರಲ್ಲೂ ಸಿಗದಿರುವ ಸಾಧ್ಯತೆ 0.8ರ ಐದನೇ ಘಾತ, ಅಂದರೆ ಸುಮಾರು 0.33. ಹಾಗಾದರೆ ಒಂದಾದರೂ ಸಿಗುವುದು ಶೇ. 67. ಕೇಳಲು ಚೆನ್ನಾಗಿದೆ.

ಆದರೆ ಈ ಸೂತ್ರಕ್ಕೆ ಒಂದು ಷರತ್ತಿದೆ. ಐದೂ ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕು. ಐದೂ ಕಾಲೇಜು ನೋಡುವುದು ಅದೇ ಒಂದು ಸಿಯುಇಟಿ ಅಂಕವನ್ನಾದರೆ ಅವು ಸ್ವತಂತ್ರವಲ್ಲ. ಆ ದಿನ ಜ್ವರ ಬಂದು ನನ್ನ ಅಂಕ 640ಕ್ಕೆ ಇಳಿದರೆ ಐದೂ ಬಾಗಿಲು ಒಟ್ಟಿಗೇ ಮುಚ್ಚುತ್ತವೆ. ಆಗ ನಿಜವಾದ ಸಾಧ್ಯತೆ ಶೇ. 67ರ ಹತ್ತಿರವಲ್ಲ, ಶೇ. 20ರ ಹತ್ತಿರ.

ಆದ್ದರಿಂದ ಅರ್ಜಿಗಳ ಸಂಖ್ಯೆ ಹೆಚ್ಚಿಸಿದರೆ ಸಾಲದು, ಅಳೆಯುವ ಕೋಲುಗಳೂ ಬೇರೆ ಬೇರೆಯಾಗಿರಬೇಕು. ಒಂದು ಸಿಯುಇಟಿ ಮೂಲಕ, ಒಂದು ಪಿಯು ಅಂಕಗಳ ಮೇಲೆ, ಒಂದು ಆ ಸಂಸ್ಥೆಯದೇ ಪರೀಕ್ಷೆಯ ಮೂಲಕ. ಪಿಯು ಮಂಡಳಿ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ, ಒಳ್ಳೆಯ ಅಂಕವನ್ನೇ ಉಳಿಸಿಕೊಳ್ಳಬಹುದು. ಸಿಯುಇಟಿಗೆ ವರ್ಷಕ್ಕೆ ಒಂದೇ ಅವಕಾಶ.

6. ಸೀಟು ಸಿಕ್ಕರೆ ಸಾಕೇ?

ಈ ಭಾಗವನ್ನು ವಿಶೇಷವಾಗಿ ಹೆಣ್ಣುಮಕ್ಕಳಿಗಾಗಿ ಬರೆಯುತ್ತಿದ್ದೇನೆ. ನನ್ನ ಆಪಾಗೆ ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ ಸಿಗಲಿಲ್ಲ. ಪಿಜಿಯಲ್ಲಿ ಬಿಡಲು ಮನೆಯಲ್ಲಿ ಒಪ್ಪಲಿಲ್ಲ, ಹಣವೂ ಇರಲಿಲ್ಲ. ಅವಳು ಊರಿನಲ್ಲೇ ಬಿಕಾಂ ಸೇರಿದಳು. "ಸೀಟು ಸಿಕ್ಕಿತ್ತು, ಇರಲು ಜಾಗ ಸಿಗಲಿಲ್ಲ" ಎಂದು ಈಗಲೂ ಹೇಳುತ್ತಾಳೆ.

ನಮಗೆ ಬೇಕಾದದ್ದು ಸೀಟು ಸಿಗುವ ಸಾಧ್ಯತೆಯಷ್ಟೇ ಅಲ್ಲ, ಅಲ್ಲಿ ಓದಲು ಆಗುವ ಸಾಧ್ಯತೆ. ಸೀಟಿನ ಸಾಧ್ಯತೆ ಆರರಲ್ಲಿ ನಾಲ್ಕು, ಹಾಸ್ಟೆಲ್ ಸಿಗುವುದು ಎರಡರಲ್ಲಿ ಒಂದು ಎಂದಿಟ್ಟುಕೊಂಡರೆ, ಎರಡನ್ನೂ ಗುಣಿಸಿದಾಗ ಉಳಿಯುವುದು ಮೂರರಲ್ಲಿ ಒಂದು. ಶುಲ್ಕವನ್ನೂ ಸೇರಿಸಿದರೆ ಇನ್ನೂ ಕಡಿಮೆ. ಒಳ್ಳೆಯ ಸುದ್ದಿ ಏನೆಂದರೆ, ಈ ಗುಣಾಕಾರದಲ್ಲಿ ಕೆಲವು ಸಂಖ್ಯೆಗಳನ್ನು ಓದದೆಯೂ ಹೆಚ್ಚಿಸಬಹುದು. ಹಾಸ್ಟೆಲ್ ಅರ್ಜಿಯ ದಿನಾಂಕ ತಿಳಿದುಕೊಳ್ಳುವುದು, ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಮಾಡಿಸುವುದು, ಹತ್ತಿರದಲ್ಲಿ ಸಂಬಂಧಿಕರ ಮನೆ ಇದೆಯೇ ಎಂದು ಖಾಲಾ, ಮಾಮೂಗಳನ್ನು ಕೇಳುವುದು. ಹತ್ತು ಅಂಕ ಹೆಚ್ಚಿಸುವುದಕ್ಕಿಂತ ಇವು ಸುಲಭ.

ದಿನಾಂಕದ ತೊಡಕೂ ಇದೆ. 2025ರಲ್ಲಿ ಪಿಯು ಫಲಿತಾಂಶ ಏಪ್ರಿಲ್‌ನಲ್ಲಿ ಬಂತು, ಸಿಯುಇಟಿ ಫಲಿತಾಂಶ ಜುಲೈನಲ್ಲಿ. ನಡುವಿನ ಮೂರು ತಿಂಗಳಲ್ಲಿ ಖಾಸಗಿ ಕಾಲೇಜುಗಳು ಶುಲ್ಕ ಕಟ್ಟಲು ಹೇಳುತ್ತವೆ. ನಮ್ಮ ಮನೆಯಲ್ಲಿ ಒಂದೇ ಕಡೆ ಕಟ್ಟುವಷ್ಟು ಹಣವಿದೆ. ಯುಜಿಸಿ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ ವಾಪಸ್ ಕೊಡಬೇಕು. ತಡವಾದಷ್ಟೂ ಕಡಿತ ಹೆಚ್ಚು. ಕೊನೆಯ ದಿನದ ನಂತರ 30 ದಿನ ಕಳೆದರೆ ಏನೂ ಇಲ್ಲ. ಹಣ ಕಟ್ಟುವ ಮೊದಲು ಆ ಕೊನೆಯ ದಿನಾಂಕವನ್ನು ಲಿಖಿತವಾಗಿ ಕೇಳಿ ಪಡೆಯಿರಿ.

7. ಮೂರು ಕಾಲಂಗಳ ಪಟ್ಟಿ

ಈಗ ಒಂದು ಹಾಳೆಯಲ್ಲಿ ಉದ್ರಿ ಪುಸ್ತಕದ ಹಾಗೆ ಮೂರು ಕಾಲಂ ಎಳೆಯಿರಿ. ಮಾದರಿ ಪರೀಕ್ಷೆಗಳಲ್ಲಿ ಅಪರೂಪಕ್ಕೆ ದಾಟಿದ ಕಾಲೇಜುಗಳು ಒಂದು ಕಡೆ. ಅರ್ಧಕ್ಕಿಂತ ಹೆಚ್ಚು ಸಲ ದಾಟಿದವು ನಡುವೆ. ಅತಿ ಕಡಿಮೆ ಅಂಕ ಬಂದ ದಿನವೂ ಸಿಗುವಂಥವು ಮೂರನೆಯ ಕಡೆ. ಮೂರನೆಯ ಕಾಲಂನಲ್ಲಿ ಶುಲ್ಕ, ವಾಸ, ಮನೆಯವರ ಒಪ್ಪಿಗೆ ಮೂರೂ ಖಚಿತವಾಗಿರಬೇಕು. ಅದು ಖಾಲಿಯಿದ್ದರೆ ಪಟ್ಟಿ ಮುಗಿದಿಲ್ಲ ಎಂದರ್ಥ.

ನನ್ನ ಹಾಳೆಯಲ್ಲಿ ಮೊದಲ ಕಾಲಂನಲ್ಲಿ ದೆಹಲಿಯ ಶ್ರೀರಾಮ್ ಕಾಲೇಜ್ ಆಫ್ ಕಾಮರ್ಸ್ ಇದೆ. ನಡುವೆ ದೆಹಲಿ ವಿಶ್ವವಿದ್ಯಾಲಯದ ಇನ್ನೆರಡು ಕಾಲೇಜುಗಳು ಮತ್ತು ಜಾಮಿಯಾ. ಮೂರನೆಯದರಲ್ಲಿ ನಮ್ಮ ಊರಿನ ಸರ್ಕಾರಿ ಕಾಲೇಜಿನ ಬಿಕಾಂ, ಜೊತೆಗೆ ಸಿಎ ಫೌಂಡೇಶನ್. ಸಿಎಗೆ ಸೀಟುಗಳ ಮಿತಿಯೇ ಇಲ್ಲ. ಒಂದೊಂದು ಪತ್ರಿಕೆಯಲ್ಲಿ ಶೇ. 40, ಒಟ್ಟಾರೆ ಶೇ. 50 ಬಂದವರೆಲ್ಲ ಫೌಂಡೇಶನ್ ಪಾಸು. ಯಾರನ್ನೂ ಹಿಂದೆ ಹಾಕಬೇಕಾಗಿಲ್ಲ. ಆಪಾ ಈಗ ಅದಕ್ಕೇ ಓದುತ್ತಿದ್ದಾಳೆ. ಮೂರನೆಯ ಕಾಲಂ ಸೋತವರ ಕಾಲಂ ಅಲ್ಲ ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಡ.

ಈ ಹಾಳೆಯನ್ನು ಅಬ್ಬಾಗೆ, ಅಮ್ಮಿಗೆ ತೋರಿಸಿದೆ. ದೆಹಲಿ ಎಂದರೆ ಮಾತೇ ಬೇಡ ಎನ್ನುತ್ತಿದ್ದ ಅಮ್ಮಿ ನಡುವಿನ ಕಾಲಂ ಮೇಲೆ ಬೆರಳಿಟ್ಟು, "ಇವುಗಳಲ್ಲಿ ಹಾಸ್ಟೆಲ್ ಯಾವುದಕ್ಕಿದೆ?" ಎಂದು ಕೇಳಿದರು. ಬರೀ ಆಸೆ ಹೇಳಿಕೊಂಡಾಗ ಮನೆಯಲ್ಲಿ ವಾದ ನಡೆಯುತ್ತಿತ್ತು. ಹಾಳೆ ಮುಂದಿಟ್ಟ ಮೇಲೆ ಮಾತುಕತೆ ನಡೆಯಿತು.

ಗೆಳೆಯ ಗೆಳತಿಯರೇ, ಈ ಲೆಕ್ಕ ಅಳೆಯುವುದು ಸೀಟಿನ ಸಾಧ್ಯತೆಯನ್ನು ಮಾತ್ರ, ನಿಮ್ಮ ಯೋಗ್ಯತೆಯನ್ನಲ್ಲ. ಆರರಲ್ಲಿ ಒಂದು ಎಂದರೆ ಅರ್ಜಿ ಹಾಕಬೇಡ ಎಂದಲ್ಲ. ಹಾಕು, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡ ಎಂದು. ಪರೀಕ್ಷಾ ಅರ್ಜಿಗಳು ಶುರುವಾಗುವ ಮೊದಲು ಒಂದು ಸಂಜೆ ಕುಳಿತು ನಿಮ್ಮ ಮೂರು ಕಾಲಂ ಬರೆಯಿರಿ. ಬರೆದದ್ದನ್ನು ಮೊದಲು ಮನೆಯಲ್ಲಿ, ನಂತರ ನಮ್ಮ ಲೆಕ್ಕಶಾಸ್ತ್ರದ ಉಪನ್ಯಾಸಕರಿಗೆ ತೋರಿಸಿ.