ಅಡ್ಡದಾರಿಯನ್ನು ಮುಚ್ಚಿದರಷ್ಟೇ ಸಾಲದು

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಘ ಮಾಸದಲ್ಲಿ ನಡೆಯುವ ಮಾಯಕ್ಕನ ಜಾತ್ರೆಯನ್ನು ಈ ಭಾಗದಲ್ಲಿ ಬಲ್ಲದವರಿಲ್ಲ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಹಳ್ಳಿಗಳಿಂದ ಎತ್ತಿನ ಬಂಡಿಗಳು ಸಾಲುಗಟ್ಟಿ ಹೊರಡುತ್ತವೆ. ಬಂಡಿ ಹೊಡೆದವರನ್ನು ಕೇಳಿ ನೋಡಿರಿ, ಎರೆಮಣ್ಣಿನ ಹಾದಿಯ ಸ್ವಭಾವವನ್ನು ಅವರು ಚೆನ್ನಾಗಿ ಹೇಳಬಲ್ಲರು. ಮುಂದಿನ ಬಂಡಿಯ ಗಾಲಿ ಬಿಟ್ಟ ಜಾಡಿನಲ್ಲೇ ಹಿಂದಿನ ಗಾಲಿಯೂ ಇಳಿಯುತ್ತದೆ. ಮಳೆ ಬಿದ್ದು ಜಾಡು ಕೆಸರಾಯಿತೆಂದರೆ ಒಬ್ಬನು ಬಂಡಿಯನ್ನು ತುಸು ಪಕ್ಕಕ್ಕೆ, ಹೊಲದ ಬದುವಿನ ಮೇಲೆ ಹೊಡೆಯುತ್ತಾನೆ. ಅವನ ಹಿಂದೆ ಇನ್ನೊಬ್ಬ. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಹಾದಿ ಮೂರಾಗಿರುತ್ತದೆ, ಬದು ನೆಲಸಮವಾಗಿರುತ್ತದೆ. ಇದನ್ನು ಮಾಡಿದವರು ಯಾರು ಎಂದು ಕೇಳಿದರೆ ಪ್ರತಿಯೊಬ್ಬನ ಉತ್ತರವೂ ಒಂದೇ: "ನಾನು ಹೋಗುವಾಗಲೇ ಅಲ್ಲಿ ಜಾಡು ಬಿದ್ದಿತ್ತು."

ನಮ್ಮ ಭಾಷೆಯಲ್ಲಿ 'ಅಡ್ಡದಾರಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಬೇಗ ಮುಟ್ಟಿಸುವ ಹತ್ತಿರದ ದಾರಿ. ಇನ್ನೊಂದು, ಕೆಟ್ಟ ನಡತೆ. ಹಿರಿಯರು ಎರಡಕ್ಕೂ ಒಂದೇ ಮಾತನ್ನು ಏಕೆ ಬಳಸಿದರೋ ತಿಳಿಯದು. ಆದರೆ ಗುಡ್ಡದ ಮೇಲಿನ ಒಂದು ಕಾಲುದಾರಿ ಹೇಗೆ ಹಾಳಾಗುತ್ತದೆ, ಅದನ್ನು ಮತ್ತೆ ಹೇಗೆ ಸರಿಪಡಿಸುತ್ತಾರೆ ಎಂಬುದನ್ನು ತಿಳಿದರೆ ಆ ಎರಡು ಅರ್ಥಗಳು ಎಷ್ಟು ಹತ್ತಿರ ಎಂಬುದು ಅರಿವಾಗುತ್ತದೆ. ಈ ವಾರದ ಪಾಠ ಅದರ ಕುರಿತು.

ನೀರು ಕಾಯುತ್ತಿರುತ್ತದೆ

ಗುಡ್ಡ ಹತ್ತುವ ಹಳೆಯ ದಾರಿಗಳು ನೇರವಾಗಿ ಹೋಗುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಳಸುತ್ತಾ ಮೇಲೇರುತ್ತವೆ. ನಡೆಯುವವನಿಗೆ ದಮ್ಮು ಹತ್ತದಿರಲಿ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮಳೆಯ ನೀರು. ದಾರಿ ಇಳಿಜಾರಿಗೆ ಅಡ್ಡವಾಗಿದ್ದರೆ ಮೇಲಿನಿಂದ ಬಂದ ನೀರು ದಾರಿಯನ್ನು ದಾಟಿ ಕೆಳಗೆ ಹರಿದುಹೋಗುತ್ತದೆ. ದಾರಿ ನೇರವಾಗಿ ಇಳಿದರೆ ನೀರು ದಾರಿಯಲ್ಲೇ ಹರಿಯುತ್ತದೆ, ದಾರಿಯೇ ಹಳ್ಳವಾಗುತ್ತದೆ.

ತಿರುವನ್ನು ಬಳಸಲು ಬೇಸರಪಟ್ಟು ಒಬ್ಬನು ನೇರವಾಗಿ ಇಳಿದನೆನ್ನಿ. ಹುಲ್ಲು ಬಾಗುತ್ತದೆ, ಅಷ್ಟೇ. ಇಪ್ಪತ್ತು ಮಂದಿ ಇಳಿದರೆ ಹುಲ್ಲು ಸಾಯುತ್ತದೆ. ಇನ್ನೂರು ಮಂದಿ ಇಳಿದರೆ ಮಣ್ಣು ಗಟ್ಟಿಯಾಗಿ ನೀರನ್ನು ಹೀರದಂತಾಗುತ್ತದೆ. ಆಮೇಲೆ ಮನುಷ್ಯರ ಅಗತ್ಯವೇ ಇಲ್ಲ. ಉಳಿದ ಕೆಲಸವನ್ನು ನೀರು ಮಾಡುತ್ತದೆ. ಹರಿವ ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟು ಹೆಚ್ಚುತ್ತದೆ ಎಂಬುದು ಭೂವಿಜ್ಞಾನದ ಹಳೆಯ ಲೆಕ್ಕ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯದ ಪಾಠಕ್ಕೆ ಬಳಸುತ್ತೇವೆ. ಗುಡ್ಡದ ಮೇಲೆ ಅದು ನಷ್ಟದ ಪಾಠವೂ ಹೌದು.

ಹಾಳು ಮಾಡಿದವರೇ ಗುದ್ದಲಿ ಹಿಡಿದರು

ಗುಡ್ಡದ ಸೈಕಲ್ ಆಟ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಮರಿನ್ ಎಂಬ ಪ್ರದೇಶದಲ್ಲಿ. ಕೆಲವು ಯುವಕರು ಹಳೆಯ, ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮೇಲಕ್ಕೆ ಒಯ್ದು ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ರ ಅಕ್ಟೋಬರ್‌ನಲ್ಲಿ ಅವರ ಮೊದಲ ಪಂದ್ಯ ನಡೆಯಿತು. ಇಳಿಯುವಷ್ಟರಲ್ಲಿ ಹಿಂಗಾಲಿಯ ಬ್ರೇಕ್ ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಾಗಿದ್ದುದರಿಂದ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರೇ ಬಿತ್ತು. ಮರುವರ್ಷ ಜೋ ಬ್ರೀಜ್ ಎಂಬವರು ಗುಡ್ಡಕ್ಕೆಂದೇ ಹೊಸ ಸೈಕಲ್ ಕಟ್ಟಿದರು. ಹತ್ತು ವರ್ಷಗಳೊಳಗೆ ಅದು ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ವಸ್ತುವಾಯಿತು.

ಸವಾರರು ಹೆಚ್ಚಿದಂತೆ ದೂರುಗಳೂ ಹೆಚ್ಚಿದವು. ವೇಗವಾಗಿ ಬರುವ ಸೈಕಲ್‌ಗಳಿಗೆ ನಡೆಯುವವರೂ ಕುದುರೆ ಸವಾರರೂ ಹೆದರಿದರು. ಗಾಲಿ ಕಟ್ಟಿಸಿ ಜಾರಿಸಿದಲ್ಲೆಲ್ಲ ಗೀರು ಬಿದ್ದವು, ತಿರುವುಗಳಲ್ಲಿ ಅಡ್ಡದಾರಿಗಳು ಮೂಡಿದವು. 1980ರ ದಶಕದಲ್ಲಿ ಒಂದಾದ ಮೇಲೊಂದು ಗುಡ್ಡದ ದಾರಿ ಸೈಕಲ್‌ಗಳಿಗೆ ಮುಚ್ಚತೊಡಗಿತು.

ನ್ಯಾಯವಾಗಿ ನೋಡಿದರೆ ತಪ್ಪೆಲ್ಲ ಸೈಕಲ್ಲಿನದೇ ಆಗಿರಲಿಲ್ಲ. ಮೊಂಟಾನಾ ರಾಜ್ಯದಲ್ಲಿ ಇಬ್ಬರು ಸಂಶೋಧಕರು ನಡಿಗೆ, ಕುದುರೆ, ಮೋಟಾರ್ ಸೈಕಲ್, ಸೈಕಲ್ ಈ ನಾಲ್ಕನ್ನೂ ಒಂದೇ ದಾರಿಯಲ್ಲಿ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಮಣ್ಣನ್ನು ಸಡಿಲಿಸಿದ್ದು ಕುದುರೆಯ ಗೊರಸು. ಆದರೂ ವಾದದಿಂದ ದಾರಿ ತೆರೆಯುವುದಿಲ್ಲ ಎಂಬುದನ್ನು ಕೆಲವು ಸವಾರರು ಬೇಗ ಅರಿತರು. 1988ರಲ್ಲಿ ಕ್ಯಾಲಿಫೋರ್ನಿಯಾದ ಹಲವು ಸೈಕಲ್ ಸಂಘಗಳು ಸೇರಿ ಅಂತರರಾಷ್ಟ್ರೀಯ ಮೌಂಟನ್ ಬೈಕ್ ಸಂಘವನ್ನು ಕಟ್ಟಿದವು. ರಜೆಯ ದಿನ ಸೈಕಲ್ ಬದಿಗಿಟ್ಟು ಗುದ್ದಲಿ, ಸಲಿಕೆ ಹಿಡಿದು ದಾರಿ ದುರಸ್ತಿಗೆ ಹೊರಡುವುದು ಸದಸ್ಯರ ರೂಢಿಯಾಯಿತು. 1997ರಿಂದ ಆ ಸಂಘದ ತಂಡಗಳು ಊರೂರು ಸುತ್ತಿ ಸ್ವಯಂಸೇವಕರಿಗೆ ಈ ಕೆಲಸ ಕಲಿಸತೊಡಗಿದವು.

ಜಕ್ಕಾಯನ ಕಥೆ ನಿಮಗೆ ನೆನಪಾಗಬಹುದು. ಅವನು ತಪ್ಪಾಯಿತೆಂದು ಹೇಳಿ ಸುಮ್ಮನಾಗಲಿಲ್ಲ. ಕಸಿದುಕೊಂಡದ್ದಕ್ಕೆ ನಾಲ್ಕು ಪಟ್ಟು ತಿರುಗಿ ಕೊಡುವುದಾಗಿ ನಿಂತು ಹೇಳಿದನು.

ದುರಸ್ತಿ ಹೇಗೆ?

ಸ್ವಯಂಸೇವಕರು ಮೊದಲು ಮಾಡುವ ಕೆಲಸ ಅಗೆಯುವುದಲ್ಲ, ನೋಡುವುದು. ಮಳೆ ಸುರಿಯುವಾಗ ದಾರಿಯಲ್ಲಿ ನಡೆದು ನೀರು ಎಲ್ಲಿ ಒಳಬರುತ್ತದೆ, ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸುತ್ತಾರೆ. ಬಿಸಿಲಲ್ಲಿ ಕಾಣದ ತಪ್ಪು ಮಳೆಯಲ್ಲಿ ಕಾಣುತ್ತದೆ.

ಎರಡನೆಯದು, ನೀರನ್ನು ಮೇಲೆಯೇ ತಿರುಗಿಸುವುದು. ಕೊರಕಲು ಆರಂಭವಾಗುವ ಜಾಗಕ್ಕಿಂತ ಮೇಲೆ ದಾರಿಯ ಹೊರ ಅಂಚನ್ನು ತುಸು ತಗ್ಗು ಮಾಡಿ ನೀರು ಪಕ್ಕದ ಹುಲ್ಲಿಗೆ ಇಳಿಯುವಂತೆ ಮಾಡುತ್ತಾರೆ. ಇದನ್ನು ಬಿಟ್ಟು ಕೆಳಗೆ ಎಷ್ಟು ಮಣ್ಣು ತುಂಬಿದರೂ ಒಂದೇ ಮಳೆಗೆ ಹೋಗುತ್ತದೆ.

ಮೂರನೆಯದು ಕೊರಕಲಿನ ಚಿಕಿತ್ಸೆ. ಅಡ್ಡಲಾಗಿ ಕಲ್ಲಿನ ಸಣ್ಣ ತಡೆಗಳನ್ನು ಮೆಟ್ಟಿಲಿನಂತೆ ಕಟ್ಟುತ್ತಾರೆ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು, ನಡುಭಾಗ ಎರಡೂ ಬದಿಗಿಂತ ತಗ್ಗಿರಬೇಕು. ನೀರು ನಡುವೆ ಮೆಲ್ಲನೆ ಇಳಿಯುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಹಳ್ಳಕ್ಕೆ ಒಡ್ಡು ಹಾಕಿದ ನಮ್ಮ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ನಾಲ್ಕನೆಯದು, ತುಳಿದು ಗಟ್ಟಿಯಾದ ನೆಲವನ್ನು ಸಡಿಲಿಸುವುದು. ಕಲ್ಲಿನಂತಾದ ಮಣ್ಣಿನ ಮೇಲೆ ಬೀಜ ಚೆಲ್ಲಿದರೆ ಹಕ್ಕಿಗಳಿಗೆ ಆಹಾರ. ಗುದ್ದಲಿಯಿಂದ ನೆಲ ಬಿಡಿಸಿ, ಸುತ್ತಲಿನ ಒಣಗಿದ ಎಲೆ ಹರಡಿ, ಆ ಗುಡ್ಡದ್ದೇ ಹುಲ್ಲನ್ನು ನೆಡುತ್ತಾರೆ. ಹೊರಗಿನ ಬೀಜ ತರುವುದಿಲ್ಲ.

ಐದನೆಯದು, ಅಡ್ಡದಾರಿಯ ಎರಡೂ ತುದಿಗಳನ್ನು ಕಣ್ಣಿಗೆ ಕಾಣದಂತೆ ಕಲ್ಲು, ಕೊಂಬೆ, ಮುಳ್ಳುಗಳಿಂದ ಮುಚ್ಚುವುದು. ಕಂಡ ದಾರಿ ಕರೆಯುತ್ತದೆ, ಕಾಣದ ದಾರಿ ಕರೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲಸ ಅರ್ಧವಷ್ಟೇ. ಜನರು ಅಡ್ಡದಾರಿ ಹಿಡಿದದ್ದು ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಹಲವು ಕಡೆ ಸರಿದಾರಿಯೇ ಸರಿಯಾಗಿರುವುದಿಲ್ಲ. ಕೆಸರು ನಿಂತಿರುತ್ತದೆ, ಕಲ್ಲು ಕಿತ್ತಿರುತ್ತದೆ, ಏರು ತೀರ ಕಡಿದಾಗಿರುತ್ತದೆ. ಆದ್ದರಿಂದ ಅನುಭವಿಗಳು ಎರಡು ನಿಯಮಗಳನ್ನು ಹೇಳುತ್ತಾರೆ. ದಾರಿಯ ಸರಾಸರಿ ಏರು ಹತ್ತು ಅಡಿಗೆ ಒಂದು ಅಡಿಯನ್ನು ಮೀರಬಾರದು. ಗುಡ್ಡದ ಪಕ್ಕೆಯ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಏರು ಹೆಚ್ಚಿರಬಾರದು. ತಿರುವಿನ ಒಳಮೂಲೆಯಲ್ಲಿ ದೊಡ್ಡ ಬಂಡೆಯನ್ನೋ ಪೊದೆಯನ್ನೋ ಇರಿಸಿ ಕೆಳಗಿನ ದಾರಿ ಕಾಣದಂತೆ ಮಾಡಿದರೆ, ಬಳಸಿ ಹೋಗುವುದೇ ಸಹಜವೆನಿಸುತ್ತದೆ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ 2001ರಿಂದ ನಡೆದುಬಂದಿರುವ 'ಫಿಕ್ಸ್ ದಿ ಫೆಲ್ಸ್' ಎಂಬ ಕಾರ್ಯದ ಸ್ವಯಂಸೇವಕರು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಹೇರುಕುದುರೆಗಳ ಕಾಲದ ಪದ್ಧತಿಯಂತೆ ನೆಲದಲ್ಲಿ ಕಲ್ಲು ಹೂತು ದಾರಿ ಕಟ್ಟುತ್ತಾರೆ. ಜೌಗು ನೆಲದಲ್ಲಿ ಅಲ್ಲಿನ ಕುರಿಗಳ ಉಣ್ಣೆಯನ್ನು ಹಾಸಿ ಅದರ ಮೇಲೆ ದಾರಿ ಮಾಡಿದ್ದೂ ಉಂಟು. ಕುರಿ, ಕಂಬಳಿಗಳ ನಾಡಿನವರಾದ ನಮಗೆ ಇದು ಮೆಚ್ಚುಗೆಯಾಗಬೇಕು! ಆದರೆ ಅವರ ಹೆಚ್ಚಿನ ಸಮಯ ಹೋಗುವುದು ಯಾರೂ ಹೊಗಳದ ಒಂದು ಕೆಲಸಕ್ಕೆ. ಅದು ನೀರಿನ ಕಾಲುವೆಗಳಲ್ಲಿ ತುಂಬಿದ ಕಲ್ಲುಮಣ್ಣನ್ನು ಸಲಿಕೆಯಿಂದ ತೆಗೆಯುವುದು. ಈ ವರ್ಷ ತೆಗೆದದ್ದು ಮರುವರ್ಷ ಮತ್ತೆ ತುಂಬುತ್ತದೆ, ಅವರು ಮತ್ತೆ ಹೋಗುತ್ತಾರೆ.

ನಮ್ಮ ರಾಜ್ಯದ ಎಚ್ಚರಿಕೆ

ಇದು ದೂರದೇಶದ ಮಾತು ಎನ್ನಬೇಡಿರಿ. ಕುಕ್ಕೆ ಸುಬ್ರಹ್ಮಣ್ಯದ ಮೇಲಿರುವ 1,712 ಮೀಟರ್ ಎತ್ತರದ ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ನೆರೆದರು. ಅದರ ಬೆನ್ನಿಗೆ ಸರ್ಕಾರವು ಆನ್‌ಲೈನ್ ನೋಂದಣಿ ಇಲ್ಲದ ಚಾರಣದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷ ನೋಂದಣಿ ವ್ಯವಸ್ಥೆ ಬಂದು ದಿನಕ್ಕೆ 300 ಮಂದಿಯ ಮಿತಿ ಹಾಕಲಾಯಿತು. ದಾರಿ ಮುಚ್ಚಿದಾಗ ಜಾಗರೂಕತೆಯಿಂದ ನಡೆದವನಿಗೂ ಮುಚ್ಚುತ್ತದೆ, ಹಾಳು ಮಾಡಿದವನಿಗೂ ಮುಚ್ಚುತ್ತದೆ. ಮಿತಿ ಹಾಕುವುದು ಬೇಕಾದ ಕ್ರಮವೇ. ಆದರೆ ಸವೆದ ನೆಲ ಆದೇಶದಿಂದ ಹಸಿರಾಗುವುದಿಲ್ಲ. ಅದಕ್ಕೆ ಕೈಗಳು ಬೇಕು, ಕೆಲವು ಮಳೆಗಾಲಗಳ ತಾಳ್ಮೆ ಬೇಕು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಸೈಕಲ್ ಓಟಗಾರರಿಗೆ ಹೆಸರಾದವು. ನಮ್ಮ ಮಕ್ಕಳು ಗುಡ್ಡದ ಸೈಕಲ್ ಏರುವ ದಿನ ದೂರವಿಲ್ಲ. ಅವರಿಗೆ ಸೈಕಲ್ ಕೊಡಿಸುವಾಗಲೇ ಮೂರು ಮಾತು ಹೇಳಿಕೊಡಿರಿ: ಹಸಿ ಮಣ್ಣಿನ ದಾರಿಯಲ್ಲಿ ಹೋಗಬಾರದು. ಕೆಸರಿನ ಗುಂಡಿ ಬಂದರೆ ಪಕ್ಕದ ಹುಲ್ಲಿನ ಮೇಲೆ ಬಳಸದೆ ನಡುವೆಯೇ ದಾಟಬೇಕು. ಬ್ರೇಕ್ ಒತ್ತಿ ಗಾಲಿಯನ್ನು ಜಾರಿಸುವುದು ಜಾಣತನವಲ್ಲ.

ಮನೆಯೊಳಗಿನ ದಾರಿ

ತಂದೆತಾಯಂದಿರಿಗೆ ಇಲ್ಲೊಂದು ಪಾಠವಿದೆ. ಮಕ್ಕಳು ಅಡ್ಡದಾರಿ ಹಿಡಿದಾಗ ನಮಗೆ ಮೊದಲು ಹೊಳೆಯುವುದು ಮುಳ್ಳುಬೇಲಿ. "ಅಲ್ಲಿ ಹೋಗಬೇಡ, ಅವನ ಜೊತೆ ಸೇರಬೇಡ, ಅದನ್ನು ಮುಟ್ಟಬೇಡ" ಎನ್ನುತ್ತೇವೆ. ಬೇಲಿ ಬೇಕು. ಆದರೆ ಬೇಲಿಯೊಂದೇ ಇದ್ದರೆ ಅದರ ಪಕ್ಕದಲ್ಲೇ ಇನ್ನೊಂದು ಜಾಡು ಬೀಳುತ್ತದೆ. ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನಿಗೆ ಬೈದರಷ್ಟೇ ಸಾಲದು. ಓದಲು ಸಂಜೆ ಒಂದು ಗಂಟೆ ಸದ್ದಿಲ್ಲದ ಮೂಲೆ ಮನೆಯಲ್ಲಿ ಇದೆಯೇ? ಸುಳ್ಳು ಹೇಳುವ ಹುಡುಗಿ, ನಿಜ ಹೇಳಿದ ದಿನ ನಮ್ಮಿಂದ ಏನು ಪಡೆದಳು? ಸರಿದಾರಿ ಬರೀ ಕಲ್ಲು ಕೆಸರಾಗಿದ್ದರೆ ಅದನ್ನು ಹಸನು ಮಾಡುವ ಹೊಣೆ ಹಿರಿಯರದು.

ಒಮ್ಮೆ ಹಸನು ಮಾಡಿದರೆ ಮುಗಿಯಲಿಲ್ಲ. ಪ್ರತಿ ಮಳೆಗಾಲದ ನಂತರವೂ ಸಲಿಕೆ ಹಿಡಿದು ಹೋಗಬೇಕು.

ಮನೆಯಲ್ಲಿ ಚರ್ಚಿಸಿರಿ

1. ನಮ್ಮ ಊರಿನಲ್ಲಿ ಎಲ್ಲರೂ ತುಳಿದು ಹಾಳಾದ ಬದು, ಕಾಲುವೆಯ ಏರಿ ಅಥವಾ ಶಾಲೆಯ ದಾರಿ ಯಾವುದು? ಅಲ್ಲಿ ಜನರು ಅಡ್ಡ ಹಾಯುವುದಕ್ಕೆ ಕಾರಣವೇನು?

2. "ನಾನು ಹೋಗುವಾಗಲೇ ಜಾಡು ಬಿದ್ದಿತ್ತು" ಎಂದು ನಾವು ಯಾವ ಯಾವ ವಿಷಯಗಳಲ್ಲಿ ಹೇಳುತ್ತೇವೆ?

3. ನಾವು ಕೆಡಿಸದೆ ಇದ್ದುದನ್ನು ನಾವೇಕೆ ಸರಿಪಡಿಸಬೇಕು? ಮಕ್ಕಳು ಮೊದಲು ಉತ್ತರಿಸಲಿ.

ಈ ವಾರದ ಕೆಲಸ: ಯುವಜನರ ಸಂಘದವರು ಅಥವಾ ಎರಡು ಮೂರು ಕುಟುಂಬಗಳು ಸೇರಿ ಅಂಥ ಒಂದು ಜಾಗವನ್ನು ಆರಿಸಿಕೊಳ್ಳಿರಿ. ಹೊಲದವರ ಅಥವಾ ಪಂಚಾಯಿತಿಯ ಒಪ್ಪಿಗೆ ಪಡೆಯಿರಿ. ಮೊದಲ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೀರನ್ನು ನೋಡಿರಿ. ಸಲಿಕೆ ಆಮೇಲೆ.