ತೂಕ ಇಳಿದರೂ ಕೀಲುನೋವು ಇಳಿಯಲಿಲ್ಲವೇ? ಗುಳಿಗೆ ನುಂಗುವ ಮುನ್ನ ಇದನ್ನು ಓದಿ

ತೂಕ ಇಳಿಸುವ ಆಪರೇಷನ್ನಿಗೆ ಒಪ್ಪುವವರಲ್ಲಿ ಹಲವರು ಮೊಣಕಾಲು ನೋವಿನಿಂದ ಬೇಸತ್ತವರು. ಅವರ ನಿರೀಕ್ಷೆ ತಪ್ಪೇನಲ್ಲ. ದೇಹದ ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಬಹಳ ಜನರಿಗೆ ಆರಾಮವೂ ಸಿಗುತ್ತದೆ. ಆದರೆ ಕೆಲವರಿಗೆ ಆಪರೇಷನ್ ಆಗಿ ಕೆಲವು ತಿಂಗಳಿಗೋ ವರ್ಷಕ್ಕೋ ಹೊಸದಾಗಿ ನೋವು ಶುರುವಾಗುತ್ತದೆ: ಸೊಂಟ, ತೊಡೆ, ಬೆರಳು, ಹಿಮ್ಮಡಿ.

ಕೊಪ್ಪಳ ಜಿಲ್ಲೆಯವರಿಗೆ ಇಲ್ಲೊಂದು ತೊಡಕಿದೆ. ಆಪರೇಷನ್ ಆಗುವುದು ಹುಬ್ಬಳ್ಳಿ, ಬೆಂಗಳೂರು ಅಥವಾ ಹೈದರಾಬಾದಿನಲ್ಲಿ. ನೋವು ಕಾಡುವುದು ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ. ನೀವು ಯಾವ ಬೋರಿನ ನೀರು ಕುಡಿಯುತ್ತೀರಿ ಎಂಬುದು ಅಲ್ಲಿನ ಸರ್ಜನ್‌ಗೆ ತಿಳಿಯದು. ನಿಮ್ಮ ಹೊಟ್ಟೆಯೊಳಗೆ ಏನು ಬದಲಾಗಿದೆ ಎಂಬುದು ಇಲ್ಲಿನ ದವಾಖಾನೆಯವರಿಗೆ ತಿಳಿಯದು. ಎರಡೂ ಸುದ್ದಿಯನ್ನು ಎರಡೂ ಕಡೆ ಮುಟ್ಟಿಸಬೇಕಾದವರು ನೀವೇ.

ಮೊದಲು ಕಾಗದ

ನಿಮಗೆ ಆದದ್ದು ಹೊಟ್ಟೆಯ ದೊಡ್ಡ ಭಾಗ ಕತ್ತರಿಸಿ ತೆಗೆಯುವ ಸ್ಲೀವ್ ಆಪರೇಷನ್ನೋ, ಕರುಳಿಗೆ ಹೊಸ ದಾರಿ ಜೋಡಿಸುವ ಬೈಪಾಸೋ ಎಂಬುದನ್ನು ಡಿಸ್ಚಾರ್ಜ್ ಕಾಗದ ನೋಡಿ ಖಚಿತ ಮಾಡಿಕೊಳ್ಳಿ. ಅದರ ಫೋಟೊ ಮೊಬೈಲಿನಲ್ಲಿರಲಿ. ಪಾಕೀಟಿನಲ್ಲಿ ಒಂದು ಚೀಟಿಯೂ ಇರಲಿ: ಯಾವ ಆಪರೇಷನ್, ಯಾವ ವರ್ಷ, ಸರ್ಜನ್ ಫೋನ್ ನಂಬರ್. ಮುಂದಿನದೆಲ್ಲ ಈ ಚೀಟಿಯ ಮೇಲೆ ನಿಂತಿದೆ.

ನೋವಿನ ಗುಳಿಗೆ ಯಾಕೆ ಬೇಡ

ಮೆಡಿಕಲ್‌ಗೆ ಹೋಗಿ ‘ಕಾಲುನೋವಿಗೆ ಏನರ ಕೊಡ್ರಿ’ ಎಂದರೆ ಕೈಗೆ ಬರುವುದು ಸಾಮಾನ್ಯವಾಗಿ ಡೈಕ್ಲೋಫೆನಾಕ್, ಏಸಿಕ್ಲೋಫೆನಾಕ್, ಐಬುಪ್ರೊಫೇನ್ ಅಥವಾ ನಿಮೆಸುಲೈಡ್. ಬೈಪಾಸ್ ಆದವರಲ್ಲಿ ಹೊಟ್ಟೆ ಮತ್ತು ಕರುಳು ಕೂಡುವ ಜಾಗದಲ್ಲಿ ಇವು ಹುಣ್ಣು ಮಾಡುತ್ತವೆ. ಹುಣ್ಣಿನಿಂದ ರಕ್ತ ಹೋಗಬಹುದು, ತೂತೂ ಬೀಳಬಹುದು. ಸ್ಲೀವ್ ಆದವರೂ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು.

‘ಗುಳಿಗೆ ಬ್ಯಾಡ, ಸೂಜಿ ಮಾಡ್ರಿ’ ಎಂದರೂ ಪಾರಾಗುವುದಿಲ್ಲ. ಔಷಧ ರಕ್ತದ ಮೂಲಕ ಹೋಗಿ ಹೊಟ್ಟೆಯ ಒಳಪದರದ ರಕ್ಷಣೆಯನ್ನು ಕುಗ್ಗಿಸುವುದರಿಂದ ಡೈಕ್ಲೋಫೆನಾಕ್ ಸೂಜಿಗೂ ಇದೇ ಅಪಾಯವಿದೆ.

ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಪ್ರಮಾಣ ವೈದ್ಯರು ಹೇಳಲಿ, ಲಿವರ್ ತೊಂದರೆ ಇದ್ದವರಂತೂ ಕೇಳಿಯೇ ತೆಗೆದುಕೊಳ್ಳಬೇಕು. ಆದರೆ ಗುಳಿಗೆ ಪಟ್ಟಿಯ ಹಿಂಬದಿ ಓದಿ. ಪ್ಯಾರಾಸಿಟಮಾಲ್ ಜೊತೆಗೆ ಏಸಿಕ್ಲೋಫೆನಾಕ್ ಬೆರೆಸಿದ ಗುಳಿಗೆಗಳು ಅಂಗಡಿ ತುಂಬ ಇವೆ. ಒಂದೇ ಹೆಸರು ಬರೆದಿದ್ದರೆ ಮಾತ್ರ ಅದು ಬರೀ ಪ್ಯಾರಾಸಿಟಮಾಲ್. ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿರುವವರು ತಾವಾಗಿಯೇ ನಿಲ್ಲಿಸಬೇಡಿ, ಹೃದಯದ ವೈದ್ಯರಿಗೆ ಆಪರೇಷನ್ ವಿಷಯ ತಿಳಿಸಿ. ಇನ್ನು ಹೆಸರಿಲ್ಲದ ಪುಡಿಗಳಿಂದ ದೂರವಿರಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಎರಡು ದಿನ ಹಾಯೆನಿಸುತ್ತದೆ, ಒಳಗೊಳಗೆ ಎಲುಬು ಸವೆಯುತ್ತದೆ. ಬೀಡಿ, ಸಿಗರೇಟು ಕೂಡ ಹುಣ್ಣಿಗೆ ದೊಡ್ಡ ಕಾರಣ. ಬೈಪಾಸ್ ಆದವರು ಅವನ್ನು ಪೂರಾ ಬಿಡಲೇಬೇಕು.

ನೋವು ಎಲ್ಲಿದೆ, ಎಂಥದ್ದು?

ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ, ಬಾತು, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋಯುತ್ತಿದ್ದರೆ ಅದು ಯೂರಿಕ್ ಆಮ್ಲದ ಗೌಟ್ ಇರಬಹುದು. ತೂಕ ಬೇಗ ಇಳಿಯುವ, ನೀರು ಸಾಲದ ಮೊದಲ ತಿಂಗಳುಗಳಲ್ಲಿ ಇದು ಕೆರಳುತ್ತದೆ, ಮುಂದೆ ಕಡಿಮೆಯಾಗುತ್ತದೆ. ಬೆಳಗ್ಗೆ ಎದ್ದಾಗ ಎರಡೂ ಕೈಬೆರಳು ಅರ್ಧ ಗಂಟೆಗೂ ಮೀರಿ ಬಿಗಿದಿದ್ದರೆ ಅದು ತೂಕಕ್ಕೆ ಸಂಬಂಧವಿಲ್ಲದ ಸಂಧಿವಾತ ಇರಬಹುದು, ಬೇರೆಯೇ ಚಿಕಿತ್ಸೆ ಬೇಕು. ಅಂಗಾಲು ಉರಿ, ಜೋಮು ಎಂದರೆ ಕೀಲಲ್ಲ, ನರ. ಬಿ-12 ನೋಡಿಸಬೇಕು.

ಬಹಳ ಸಲ ತಪ್ಪಿಹೋಗುವುದು ವಿಟಮಿನ್ ಡಿ ಕೊರತೆಯ ಎಲುಬು ನೋವು. ಜನ ಇದನ್ನು ಕೀಲುನೋವು ಎಂದೇ ಹೇಳುತ್ತಾರೆ. ಆದರೆ ಕೀಲು ಬಾತಿರುವುದಿಲ್ಲ. ಮೊಣಕಾಲ ಕೆಳಗಿನ ಮುಂಬದಿಯ ಎಲುಬನ್ನು ಹೆಬ್ಬೆರಳಿಂದ ಒತ್ತಿದರೆ ನೋಯುತ್ತದೆ. ನೆಲದಿಂದ ಏಳಲು ಗೋಡೆ ಹಿಡಿಯಬೇಕಾಗುತ್ತದೆ, ಬಸ್ಸಿನ ಮೆಟ್ಟಿಲಿಗೆ ಕಾಲೆತ್ತುವುದು ಕಷ್ಟವಾಗುತ್ತದೆ. ಹೀಗಿದ್ದರೆ ರಕ್ತದಲ್ಲಿ ವಿಟಮಿನ್ ಡಿ, ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಮೂರನ್ನೂ ನೋಡಿಸಿ. ಕ್ಯಾಲ್ಸಿಯಂ ಒಂದೇ ನೋಡಿದರೆ ಸಾಲದು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಅದನ್ನು ಎಲುಬಿನಿಂದ ತೆಗೆದು ತುಂಬಿಸುವುದರಿಂದ ವರದಿ ‘ನಾರ್ಮಲ್’ ಎಂದೇ ಬರಬಹುದು.

ಬೋರಿನ ನೀರಿನ ಮಾತು

ಕುಷ್ಟಗಿ, ಯಲಬುರ್ಗಾ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಗ್ರಾನೈಟ್ ಬಂಡೆಯ ಖನಿಜ ಆಳದ ನೀರಿಗೆ ಕರಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಲೆ, ಆಮೇಲೆ ದೊಡ್ಡವರ ಬೆನ್ನು, ಕುತ್ತಿಗೆ, ಕೀಲುಗಳಲ್ಲಿ ಬಿಗಿತ ಕಾಣುತ್ತದೆ.

ಆಪರೇಷನ್ ಆದವರಿಗೆ ಇದು ಇನ್ನಷ್ಟು ಮುಖ್ಯ. ಕ್ಯಾಲ್ಸಿಯಂ, ವಿಟಮಿನ್ ಡಿ ಕಡಿಮೆ ಇರುವ ದೇಹಕ್ಕೆ ಫ್ಲೋರೈಡಿನ ಪೆಟ್ಟು ಜೋರು. ಬೈಪಾಸ್ ಆದ ಮೇಲೆ ಇವೆರಡೂ ಕಡಿಮೆಯಾಗುತ್ತವೆ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಿ. ನೆಲದ ಮೇಲಿನ ನಾಣ್ಯವನ್ನು ಮೊಣಕಾಲು ಮಡಚದೆ ಬಗ್ಗಿ ಎತ್ತಿ. ಗದ್ದವನ್ನು ಎದೆಗೆ ತಾಗಿಸಿ. ಎರಡೂ ತೋಳನ್ನು ಅಗಲಿಸಿ, ಮೊಣಕೈ ಮಡಚಿ ತಲೆಯ ಹಿಂಭಾಗ ಮುಟ್ಟಿ. ಇವು ಆಗದಿದ್ದರೆ ಫ್ಲೋರೋಸಿಸ್ಸೇ ಎಂದಲ್ಲ, ಆದರೆ ವೈದ್ಯರಿಗೆ ಹೇಳಲೇಬೇಕಾದ ವಿಷಯ. ಅವರು ಮುಂಗೈ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಬರೆಯಬಹುದು. ಎಲುಬಿನ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸುವಾಗಲೂ ನಿಮ್ಮ ನೀರಿನ ವಿಷಯ ಹೇಳಿ. ಫ್ಲೋರೈಡ್ ಸೇರಿದ ಎಲುಬು ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಂಡರೂ ಒಳಗೆ ಪೆಡಸಾಗಿರುತ್ತದೆ, ಬೇಗ ಮುರಿಯುತ್ತದೆ.

ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ನದಿಯ ನೀರು ನಲ್ಲಿಗೆ ಬರುವ ಊರಾದರೆ ಅದನ್ನೇ ಕುಡಿಯಿರಿ. ಇಲ್ಲವಾದರೆ ಶುದ್ಧ ನೀರಿನ ಘಟಕದ ಕ್ಯಾನ್ ತನ್ನಿ. ಅಡುಗೆಗೂ, ಚಹಾಕ್ಕೂ ಅದೇ ನೀರಾಗಲಿ. ಬೇಳೆ ಬೋರಿನ ನೀರಿನಲ್ಲೇ ಬೆಂದರೆ ಫ್ಲೋರೈಡ್ ತಟ್ಟೆಗೇ ಬರುತ್ತದೆ.

ಗುಳಿಗೆಗಳ ವೇಳೆ

ಈ ಆಪರೇಷನ್ ಆದವರಿಗೆ ಪೂರಕ ಗುಳಿಗೆಗಳು ಜೀವನವಿಡೀ ಬೇಕು. ‘ಈಗ ಆರಾಮದೀನಿ’ ಎಂದು ಬಿಟ್ಟವರೇ ಮುಂದೆ ನರಳುವುದು. ಸ್ಲೀವ್ ಮತ್ತು ಸಾಮಾನ್ಯ ಬೈಪಾಸ್ ಆದವರಿಗೆ ಆಹಾರವೂ ಸೇರಿ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ. ಆಮ್ಲ ಕಡಿಮೆಯಿರುವ ಹೊಟ್ಟೆಗೆ ಕಾರ್ಬೋನೇಟ್‌ಗಿಂತ ಕ್ಯಾಲ್ಸಿಯಂ ಸಿಟ್ರೇಟ್ ಚೆನ್ನಾಗಿ ಹಿಡಿಯುತ್ತದೆ. ಒಮ್ಮೆಗೆ 500–600 ಮಿಲಿಗ್ರಾಂ ಮೀರದಂತೆ ಬೆಳಗ್ಗೆ, ಸಂಜೆ ಎಂದು ಹಂಚಿಕೊಳ್ಳಿ. ಕಬ್ಬಿಣದ ಗುಳಿಗೆಗೂ ಇದಕ್ಕೂ ಎರಡು ತಾಸು ಅಂತರವಿರಲಿ, ಕಬ್ಬಿಣದ ಹಿಂದೆಮುಂದೆ ಚಹಾ ಬೇಡ. ವಿಟಮಿನ್ ಡಿ ಸಾಮಾನ್ಯವಾಗಿ ದಿನಕ್ಕೆ 3000 ಯೂನಿಟ್. ರಕ್ತದಲ್ಲಿ ಅದು ಮಿಲಿಲೀಟರಿಗೆ 30 ನ್ಯಾನೊಗ್ರಾಂ ದಾಟುವಂತೆ ವೈದ್ಯರು ಹೆಚ್ಚು ಕಡಿಮೆ ಮಾಡುತ್ತಾರೆ. ಬಿ-12 ಗುಳಿಗೆ ಹಿಡಿಯದಿದ್ದರೆ ತಿಂಗಳಿಗೊಂದು ಸೂಜಿ, ಊರ ಹತ್ತಿರದ ದವಾಖಾನೆಯಲ್ಲೇ ಆಗುತ್ತದೆ. ರಕ್ತ ಪರೀಕ್ಷೆ ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಇದನ್ನು ಇಲ್ಲೇ ಮಾಡಿಸಿ, ವರದಿಯನ್ನು ಸರ್ಜನ್‌ಗೆ ಮೊಬೈಲಿನಲ್ಲಿ ಕಳಿಸಿದರೆ ಎಷ್ಟೋ ಸಲ ಹುಬ್ಬಳ್ಳಿ ಓಡಾಟ ಉಳಿಯುತ್ತದೆ.

ಊಟ, ನಡಿಗೆ

ಮಾಂಸಖಂಡ ಕರಗಿದರೆ ಕೀಲಿಗೆ ಆಸರೆ ಇರುವುದಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ತತ್ತಿಯಲ್ಲಿ ಇರುವುದು 6 ಗ್ರಾಂ ಮಾತ್ರ. ಸಣ್ಣ ಹೊಟ್ಟೆಗೆ ಮೊದಲು ಕಾಳಿನ ಪಲ್ಯ, ಜುಣಕ, ಮೊಸರು, ಮೀನು ಹೋಗಲಿ. ರೊಟ್ಟಿ ಆಮೇಲೆ. ಗಂಗಾವತಿ ಕಡೆಯವರು ಅನ್ನವನ್ನು ಕೊನೆಗಿಟ್ಟುಕೊಳ್ಳಿ, ಅದೇ ಮೊದಲು ತುಂಬಿದರೆ ಬೇರೆಯದಕ್ಕೆ ಜಾಗವಿರುವುದಿಲ್ಲ. ಜಾತ್ರೆಯ ಮಾದಲಿ, ಹೋಳಿಗೆ ಬೈಪಾಸ್ ಆದವರಿಗೆ ಅರ್ಧ ತಾಸಿನೊಳಗೆ ಬೆವರು, ಎದೆ ಡವಡವ, ತಲೆಸುತ್ತು ತರಬಹುದು. ಬೇಸಿಗೆಯಲ್ಲಿ ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ, ಇಲ್ಲವಾದರೆ ಗೌಟ್ ಜೊತೆಗೆ ಮೂತ್ರದ ಕಲ್ಲೂ ಬರಬಹುದು. ಉಪವಾಸ, ರೋಜಾ ಇರುವವರು ಮೊದಲು ವೈದ್ಯರ ಜೊತೆ ಮಾತಾಡಿ. ಸಕ್ಕರೆ ಕಾಯಿಲೆಯ ಗುಳಿಗೆ ತಿನ್ನುವವರಂತೂ ಪ್ರಮಾಣ ಇಳಿಸಬೇಕೇ ಎಂದು ಕೇಳಲೇಬೇಕು.

ವ್ಯಾಯಾಮ ಕುರ್ಚಿಯಿಂದ ಶುರುವಾಗಲಿ. ಕೈ ಊರದೆ ಹತ್ತು ಸಲ ಎದ್ದು ಕೂಡಿ, ದಿನಕ್ಕೆರಡು ಹೊತ್ತು. ಮಲಗಿ ತೊಡೆ ಬಿಗಿ ಹಿಡಿದು ಐದು ಎಣಿಸಿ ಬಿಡಿ. ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯುವ ಕೆಲಸ ಸದ್ಯಕ್ಕೆ ಬೇಡ. ಅಂಜನಾದ್ರಿಯ 575 ಮೆಟ್ಟಿಲಿನ ಹರಕೆ ಇದ್ದರೆ ತೊಡೆ ಬಲಿಯುವವರೆಗೆ ಕಾಯಿರಿ. ಹತ್ತುವುದಕ್ಕಿಂತ ಇಳಿಯುವಾಗಲೇ ಮೊಣಕಾಲಿಗೆ ಭಾರ ಹೆಚ್ಚು.

ತಡ ಮಾಡಬಾರದ ಹೊತ್ತು

ಕಪ್ಪು ಮಲ, ರಕ್ತವಾಂತಿ. ಬಿಟ್ಟು ಬಿಟ್ಟು ಹಿಂಡುವ ಹೊಟ್ಟೆನೋವು, ಅದರಲ್ಲೂ ಬೈಪಾಸ್ ಆದವರಲ್ಲಿ. ಇದು ಕರುಳು ಒಳಗೆ ಸಿಕ್ಕಿಕೊಂಡ ಲಕ್ಷಣವಿರಬಹುದು. ಬಲ ಪಕ್ಕೆಯ ಕೆಳಗೆ ನೋವು, ಜ್ವರ. ತೂಕ ಬೇಗ ಇಳಿದವರಿಗೆ ಪಿತ್ತಕೋಶದ ಕಲ್ಲು ಸಾಮಾನ್ಯ. ಜ್ವರದೊಡನೆ ಒಂದೇ ಕೀಲು ಬಾತು ಬಿಸಿಯಾದರೂ ಅಂದೇ ತೋರಿಸಬೇಕು.

ಇನ್ನೊಂದನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ದಿನಗಟ್ಟಲೆ ವಾಂತಿಯಾದರೆ ದೇಹದ ಬಿ-1 (ಥಯಾಮಿನ್) ಜೀವಸತ್ವ ಬರಿದಾಗುತ್ತದೆ. ಆ ಸ್ಥಿತಿಯಲ್ಲಿ ಸುಸ್ತೆಂದು ನೇರವಾಗಿ ಗ್ಲೂಕೋಸ್ ಬಾಟಲಿ ಹಚ್ಚಿದರೆ ಮಿದುಳಿಗೆ ಕಾಯಂ ಪೆಟ್ಟು ಬೀಳಬಹುದು. ಕಣ್ಣಿಗೆ ಎಲ್ಲವೂ ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಅದರ ಗುರುತು. 108ಕ್ಕೆ ಕರೆ ಮಾಡಿ, ದೊಡ್ಡ ದವಾಖಾನೆಗೆ ಹೋಗಿ, ಆ ಚೀಟಿ ತೋರಿಸಿ: ‘ತೂಕ ಇಳಿಸೋ ಆಪರೇಷನ್ ಆಗೇತ್ರಿ, ವಾಂತಿ ನಿಂತಿಲ್ಲ, ಗ್ಲೂಕೋಸಿಗಿಂತ ಮೊದಲು ಥಯಾಮಿನ್ ಸೂಜಿ ಕೊಡ್ರಿ.’